ಬಾಗಿಲ ಮೇಲಿನ ಹಿಮ

ಮೊದಲ ಸಲ ಆ ಸದ್ದು ಕೇಳಿಸಿದಾಗ ಎಸೆನ್ ಮಾವನ ಮನೆಯಲ್ಲಿ ಹಿರಿಯರಿಗೆ ಚಹಾ ಬಗ್ಗಿಸುತ್ತಿದ್ದ. ಕಿರ್ರ್... ಅಷ್ಟೆ. ನೆತ್ತಿಯ ಮೇಲೆ, ಛಾವಣಿಯ ತಗಡಿನ ಆಚೆ, ಬಾಗಿಲ ಕಡೆಯ ಅಂಚಿನಲ್ಲಿ. ಬೇರೆಯವರ ಕಿವಿಗೆ ಬಿದ್ದಿದ್ದರೂ ಹಳೆಯ ಜಂತೆ ಮೈಮುರಿಯಿತು ಎಂದು ಬಿಟ್ಟುಬಿಡುತ್ತಿದ್ದರು. ಆದರೆ ಸುಸಾಮಿರ್ ಕಣಿವೆಯಲ್ಲಿ ಕೂಗುವ, ಕೆನೆಯುವ, ಕೆಮ್ಮುವ ಯಾವುದನ್ನೂ ಅಣಕಿಸದೆ ಬಿಟ್ಟವನಲ್ಲ ಎಸೆನ್. ಅವನ ಕಿವಿಗೆ ಮರದ ನರಳಾಟ ಬೇರೆ, ಲೋಹದ ನರಳಾಟ ಬೇರೆ. ಮರ ಗಂಟಲಿನಿಂದ ನರಳುತ್ತದೆ, ಅಲ್ಯೂಮಿನಿಯಂ ಮೂಗಿನಿಂದ. ಇದು ಮೂಗು. ಅಂದರೆ ಬೇಸಿಗೆಯಲ್ಲಿ ತಾನೇ ಈ ಮನೆಯ ತಲೆಗೆ ಕಟ್ಟಿದ ಸೋಲಾರ್ ಪ್ಯಾನೆಲ್ಲುಗಳ ಚೌಕಟ್ಟು. ಅಂದರೆ ಅದರ ಕೆಳಗಿನ ಪಟ್ಟಿ. ಅಂದರೆ ಬಾಗಿಲ ನೇರಕ್ಕೆ ಮೇಲೆ. ಯೋಚನೆ ಅಷ್ಟು ದೂರ ಹೋಗಿ ಅಲ್ಲೇ ಕಾಲು ಮಡಿಸಿ ಕೂತುಬಿಟ್ಟಿತು. ಕೈ ಮಾತ್ರ ಬಗ್ಗಿಸುತ್ತಲೇ ಇತ್ತು.

“ಏನಪ್ಪಾ ಅಳಿಯಂದ್ರೆ,” ಎಂದ ಪಕ್ಕದ ಮನೆಯ ಇಶೆನ್ ಅಜ್ಜ, ತನ್ನ ಬಟ್ಟಲನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು. “ಕುರಿ ಇನ್ನೂ ಒಲೆ ಮೇಲಿದೆ, ಆಗ್ಲೇ ನಮ್ಮನ್ನ ಸಾಗಹಾಕ್ತಿದೀಯಲ್ಲೋ!”

ಬಟ್ಟಲು ತುಂಬಿ ಅಂಚಿಗೆ ಬಂದಿತ್ತು. ಅರ್ಧ ಬಗ್ಗಿಸಿದರೆ ಇನ್ನೂ ಕೂತಿರಿ ಎಂದು. ತುಂಬ ಬಗ್ಗಿಸಿದರೆ ಕುಡಿದು ಎದ್ದು ನಡೆಯಿರಿ ಎಂದು. ತೊಟ್ಟಿಲ ಕೂಸಿಗೂ ಗೊತ್ತಿರುವ ಮಾತು. ಹಿರಿಯರೆಲ್ಲ ಹೊಟ್ಟೆ ಕುಲುಕಿಸಿ ನಕ್ಕರು. ಬಾಗಿಲಿಗೆ ಎದುರು ಗೋಡೆಯ ಮರ್ಯಾದೆಯ ಜಾಗದಲ್ಲಿ ಎರಡು ಹಾಸಿನ ಮೇಲೆ ಕೂತಿದ್ದ ಮಾವ ತೊಕ್ತೊಸುನ್ ಮಾತ್ರ ನಗಲಿಲ್ಲ. “ಹ್ಞೂಂ,” ಎಂದರು.

ಈ ಹ್ಞೂಂ ಎಸೆನ್‌ನ ಬಾಳಿನ ದೊಡ್ಡ ಪಾಠ. ಮಾವ ಬಾಯಿ ಬಿಟ್ಟರೆ ಮುತ್ತು ಉದುರುತ್ತದೆ ಎಂದು ಊರವರು ಹೇಳುತ್ತಿದ್ದರು. ಮುತ್ತಿನ ಮಾತಿರಲಿ, ಅವರು ಬಾಯಿಯನ್ನೇ ಬಿಡುತ್ತಿರಲಿಲ್ಲ. ಕುದುರೆ ಕೊಳ್ಳುವಾಗಿನ ಹ್ಞೂಂ ಮೂಗಿನ ತುದಿಯಿಂದ ಬರುತ್ತಿತ್ತು, ಮೊಮ್ಮಗುವನ್ನು ಕಂಡಾಗಿನದು ಎದೆಗೂಡಿನಿಂದ, ಅಳಿಯನನ್ನು ಕಂಡಾಗಿನದು ಎಲ್ಲಿಂದ ಬರುತ್ತಿತ್ತೋ ಆ ದೇವರೇ ಬಲ್ಲ. ಅವನ್ನೆಲ್ಲ ಎಸೆನ್ ಕಲಿತಿದ್ದ. ಒಂದು ದಿನ ಕೊಟ್ಟಿಗೆಯಲ್ಲಿ ನಾದಿನಿ ಚಿನಾರಳಿಗೆ ಒಂದೊಂದಾಗಿ ಮಾಡಿ ತೋರಿಸುತ್ತ, ಹೊಟ್ಟೆ ಮುಂದೆ ಮಾಡಿ, ಗಡ್ಡ ನೀವಿ, “ಹ್ಞೂಂ” ಎಂದು ತಿರುಗಿದರೆ ಬಾಗಿಲಲ್ಲಿ ಹಾಲಿನ ಬಕೆಟ್ಟು ಹಿಡಿದು ಅಸಲು ಮಾಲೇ ನಿಂತಿತ್ತು. ಮಾವ ನೋಡಿದರು. ಬಕೆಟ್ಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಿಕೊಂಡರು. “ಹ್ಞೂಂ,” ಎಂದು ಹೊರಟುಹೋದರು. ಆ ಹ್ಞೂಂ ಯಾವ ಜಾತಿಯದು? ಎರಡು ಚಳಿಗಾಲ ಕಳೆದರೂ ಎಸೆನ್‌ಗೆ ಬಗೆಹರಿದಿಲ್ಲ. ಒಮ್ಮೊಮ್ಮೆ ಊಟದ ನಡುವೆ ತುತ್ತು ನಿಲ್ಲಿಸಿ ಅದನ್ನೇ ಮನಸ್ಸಿನಲ್ಲಿ ಆಡಿಸಿಕೊಂಡು ನೋಡುತ್ತಾನೆ, ಕೆಟ್ಟ ನಾಣ್ಯವನ್ನು ಕಲ್ಲಿಗೆ ಬಡಿದು ಕೇಳುವ ಹಾಗೆ.

“ಬಿಸಿಲು ಬಂತು, ಬಿಸಿಲು ಬಂತು!” ಎಂದು ಅಂಗಳದಿಂದ ಯಾರೋ ಕೂಗಿದರು. ಕಿಟಕಿಯ ಗಾಜು ಒಮ್ಮೆಲೇ ಹೊತ್ತಿಕೊಂಡಿತು. ಹಿರಿಯರು ಅಂಗೈ ಮುಖಕ್ಕೆ ಸವರಿಕೊಂಡು ದೇವರನ್ನು ನೆನೆದರು. ವಾರವಿಡೀ ಬಿದ್ದ ಹಿಮ ಇವತ್ತು ಬೆಳಗಿನ ಜಾವ ನಿಂತಿತ್ತು. ಹಿಮದ ಭಾರಕ್ಕೆ ಕರೆಂಟಿನ ತಂತಿ ಎಲ್ಲೋ ಕಡಿದು, ಇಡೀ ಊರಿನಲ್ಲಿ ಇದೊಂದು ಮನೆಯಲ್ಲಿ ಮಾತ್ರ ಬ್ಯಾಟರಿಯ ಬಲದಿಂದ ಇನ್ನೂ ದೀಪ ಉರಿಯುತ್ತಿತ್ತು. ಚಳಿಗಾಲದುದ್ದಕ್ಕೂ ಮನೆಯಿಂದ ಮನೆಗೆ ಸುತ್ತುವ ಹಿರಿಯರ ಊಟ ಈ ಸಲ ತೊಕ್ತೊಸುನ್ ಮಾವನ ಮನೆಗೆ ಬಂದದ್ದು ಸರದಿಯಿಂದಲೇ ಆದರೂ, ಎಲ್ಲರೂ ಬೇಗ ಬಂದದ್ದು ಮೊಬೈಲಿಗೆ ಚಾರ್ಜು ಹಾಕಿಕೊಳ್ಳಲು. ಗೋಡೆಯ ಬದಿಗೆ ಸಾಲಾಗಿ ಮಲಗಿದ್ದ ಮೊಬೈಲುಗಳನ್ನು ಕಂಡು ಎಸೆನ್ ಬೆಳಿಗ್ಗೆ ಎಷ್ಟು ಹಿಗ್ಗಿದ್ದ. ಸೂರ್ಯನನ್ನು ನಂಬಿ ಅನ್ನ ತಿನ್ನುವವನು ಅವನು. ಇವತ್ತು ಸೂರ್ಯ ಬಂದರೆ ಎದೆ ಧಸಕ್ಕೆಂದಿತು. ಯಾಕೆಂದರೆ ಚಳಿಯಲ್ಲಿ ಒಣಹಿಮ ಪ್ಯಾನೆಲ್ಲಿನ ಮೇಲೆ ಸುಮ್ಮನೆ ಕಂಬಳಿ ಹೊದ್ದು ಮಲಗಿರುತ್ತದೆ. ಬಿಸಿಲು ಬಿದ್ದಿತೋ, ನೀರು ಕುಡಿದು ಭಾರವಾಗುತ್ತದೆ. ಗಾಜಿಗೆ ತಾಗಿದ ಪದರ ಕರಗಿ ಇಡೀ ರಾಶಿ ಮೆಲ್ಲಗೆ ಕೆಳಕ್ಕೆ ಜಾರುತ್ತದೆ. ಜಾರಿ ಬಿದ್ದುಹೋದರೆ ಒಳ್ಳೆಯದೇ. ಆದರೆ ಇಲ್ಲಿ ಬೀಳಲು ದಾರಿಯಿಲ್ಲ.

ದಾರಿ ಮುಚ್ಚಿದವನು ತಾನೇ. ಬಿಷ್ಕೆಕ್‌ನಲ್ಲಿ ತರಬೇತಿ ಕೊಟ್ಟ ಗಲೀನಾ ಮೇಡಂ ಸದಾ ನೆಗಡಿಯ ದನಿಯಲ್ಲಿ ಹೇಳುತ್ತಿದ್ದರು. ಎಸೆನ್ ಆ ದನಿಯನ್ನು ಹಾಸ್ಟೆಲಿನ ಹುಡುಗರಿಗೆಲ್ಲ ಮಾಡಿ ತೋರಿಸಿ ಚಪ್ಪಾಳೆ ಗಿಟ್ಟಿಸಿದ್ದ: “ಬಕ್ಕಳೇ, ಹಿಬಕ್ಕೆ ದಾರಿ ಬಿಡಿ. ಪ್ಯಾದೆಲ್ಲು ಕಡಿದಾಗಿ ದಿಲ್ಲಲಿ. ಕೆಳಗಡೆ ಏದೂ ಅಡ್ಡ ಇಡಬೇಡಿ.” ದನಿ ಅಷ್ಟು ಚೆನ್ನಾಗಿ ಬಂದಿತ್ತಲ್ಲ, ಮಾತು ಯಾಕೆ ಬರಲಿಲ್ಲ? ಬೇಸಿಗೆಯಲ್ಲಿ ಎಲ್ಲರೂ ಕುರಿ ಹೊಡೆದುಕೊಂಡು ಮೇಲಿನ ಹುಲ್ಲುಗಾವಲಿಗೆ ಹೋಗಿದ್ದಾಗ, ಖಾಲಿ ಮನೆಯ ಮೇಲೆ ಹತ್ತಿ, ಶಿಳ್ಳೆ ಹಾಕುತ್ತ, ಪ್ಯಾನೆಲ್ಲುಗಳನ್ನು ಕಡಿದಾಗಿಯೇ ನಿಲ್ಲಿಸಿದ್ದ. ಮಾವ ಹುಲ್ಲುಗಾವಲಿಂದ ಇಳಿದು ಬಂದು ಕುದುರೆಯ ಮೇಲಿಂದಲೇ ನೋಡಿದರು. ಜೊತೆಗಿದ್ದ ಇಶೆನ್ ಅಜ್ಜ, “ಏನಯ್ಯಾ ತೊಕ್ತೊಸುನ್, ನಿನ್ ಮನೆಗೆ ಕೊಂಬು ಮೂಡ್ಬಿಟ್ಟಿದೆ!” ಎಂದ. ಮಾವ ಅಂದು ಅಪರೂಪಕ್ಕೆ ಮಾತಾಡಿದರು. “ತಗ್ಗಿಸ್ಬಹುದಾ?” “ಆಗುತ್ತೆ ಮಾವ.” “ಬಾಗ್ಲ ಮುಂದೆ ಹಿಮ ಸುರಿದ್ರೆ? ಬಂದೋರ ತಲೆ ಮೇಲೆ ಬಿದ್ರೆ ಮನೆ ಮಾನ ಉಳಿಯುತ್ತಾ? ಒಂದು ಹಲಗೆ ಅಡ್ಡ ಕೊಡೋಕಾಗುತ್ತಾ?” “ಆಗುತ್ತೆ ಮಾವ, ಆಗ್ದೆ ಏನ್ ಮಾವ, ಈಗ್ಲೇ ಮಾವ!” ಒಂದೇ ಉಸಿರಿಗೆ ಮೂರು ಮಾವ. ತಪ್ಪೆಂದು ಚೆನ್ನಾಗಿ ಗೊತ್ತಿದ್ದೂ ಆಡಿದ ಮಾತು. ಪ್ಯಾನೆಲ್ಲುಗಳನ್ನು ತಗ್ಗಿಸಿ, ದಪ್ಪ ಪಾಪ್ಲರ್ ಹಲಗೆಯನ್ನು ಅವುಗಳ ಕೆಳ ಅಂಚಿಗೆ ಒತ್ತಿ ನಿಲ್ಲಿಸಿ, ಎರಡೂ ತುದಿಗೆ ಕಬ್ಬಿಣದ ತಂತಿ ಬಿಗಿದಾಗ ಕೈಗೆ ತಣ್ಣಗೆ ಅನಿಸಿತ್ತು. ಆಗಸ್ಟಿನ ಬಿಸಿಲಲ್ಲಿ ತಣ್ಣಗೆ.

ಕಿರ್ರ್ರ್. ಈಗ ಒಂದು ರಕಾರ ಹೆಚ್ಚು.

ಚಹಾದ ಕೆಟಲು ತುಂಬಿಸಿ ತರುವ ನೆವ ಮಾಡಿ ಎಸೆನ್ ಅಡುಗೆಕೋಣೆಗೆ ನುಸುಳಿದ. ಹಬೆಯ ನಡುವೆ ಅತ್ತೆ ಬುರುಲ್ ಹಿಟ್ಟಿನ ಹಾಳೆ ಲಟ್ಟಿಸುತ್ತಿದ್ದರು, ಹೆಂಡತಿ ಜಿಬೆಕ್ ಮಾಂಸ ಚುಚ್ಚಿ ನೋಡುತ್ತಿದ್ದಳು, ಚಿನಾರ ಕರಿದ ಹಿಟ್ಟಿನ ತುಂಡು ಬೋರ್ಸೊಕ್ ಒಂದನ್ನು ಬಾಯಿಗೆ, ಒಂದನ್ನು ತಟ್ಟೆಗೆ ಹಾಕುತ್ತಿದ್ದಳು.

“ಜಿಬೆಕ್, ಮೇಲೆ ಚೌಕಟ್ಟು ಬಾಗ್ತಿದೆ,” ಎಂದ ಪಿಸುದನಿಯಲ್ಲಿ.

“ಹತ್ತಿ ಗುಡಿಸಿಬಿಡು ಅತ್ಲಾಗೆ.”

“ನಿಮ್ಮಪ್ಪನ ತಲೆ ಮೇಲೆ ನಡೀಲಾ?”

ಅವಳ ಕೈಯ ಚಾಕು ನಿಂತಿತು. ಹತ್ತುವುದಿದ್ದರೆ ಹಿಂದಿನ ಗೋಡೆಯಿಂದಲೇ ಹತ್ತಬೇಕು. ಹತ್ತಿದವನು ಕಾಲಿಡುವುದು ಮಾವ ಕೂತ ಜಾಗದ ನೆತ್ತಿಗೆ. ಹಿರಿಯ ಕಾಲು ಚಾಚಿದ್ದರೆ ದಾಟಿ ಹೋಗದ ಜನ. ಅಂಥದ್ದರಲ್ಲಿ ಅಳಿಯನಾದವನು ಇಡೀ ಊರಿನ ಗಡ್ಡಗಳ ಮೇಲೆ ಬೂಟುಗಾಲಲ್ಲಿ ಧಪಧಪ ಓಡಾಡುವುದೇ? ಎದುರಿನಿಂದ ಏಣಿ ಹಾಕಿದರೋ ಹಿಮದ ಬಾಯಿಗೇ ತಲೆ ಕೊಟ್ಟ ಹಾಗೆ.

“ಭಾವ, ನಮ್ಮಪ್ಪಂಗೆ ಹೇಳ್ಬಿಡಿ,” ಎಂದಳು ಚಿನಾರ ತುಂಬಿದ ಬಾಯಲ್ಲಿ.

“ಏನಂತ? ಮಾವ, ನೀವು ಹೇಳಿದ್ದು ತಪ್ಪು, ಅದು ನಂಗೊತ್ತಿತ್ತು, ಆದ್ರೂ ಮಾಡ್ದೆ ಅಂತಾನಾ?”

“ಬೇರೆ ಯಾರ ದನಿಯಲ್ಲಾದ್ರೂ ಹೇಳಿ. ಅದ್ರಲ್ಲಿ ನೀವು ಭಾರಿ ಧೈರ್ಯವಂತ್ರು.”

ನಾದಿನಿಯ ನಾಲಿಗೆಗೆ ಸಾಣೆ ಬೇಕಿಲ್ಲ. ಎಸೆನ್ ಅಡುಗೆಕೋಣೆಯ ಕಿಟಕಿ ದಾಟಿ ಹಿತ್ತಲಿಗಿಳಿದು, ಮನೆ ಸುತ್ತಿ ಮುಂದೆ ಬಂದು ನಿಂತ. ಬೆಳಕಿಗೆ ಕಣ್ಣಲ್ಲಿ ನೀರು ಬಂತು. ಕಣಿವೆಯೆಲ್ಲ ಯಾರೋ ಈಗಷ್ಟೇ ಕೆನೆ ಹಚ್ಚಿಟ್ಟ ಹಾಗೆ. ಹೆದರಿದವನಿಗೆ ಇಷ್ಟು ಚೆಂದ ಕಾಣಬಾರದಿತ್ತು, ಆದರೂ ಕಂಡಿತು. ಒಳಗೆಲ್ಲೋ ಒಂದು ಕೂಸು ನಾಚಿಕೆಯಿಲ್ಲದೆ ಕೇಕೆ ಹಾಕಿತು. ಆಮೇಲೆ ಛಾವಣಿ ನೋಡಿದ. ಪ್ಯಾನೆಲ್ಲುಗಳ ಮೇಲೆ ಸೊಂಟದೆತ್ತರದ ಹಿಮ. ಮೇಲ್ಗಡೆ ಒಂದು ಗೇಣು ಕಪ್ಪು ಗಾಜು ಬರಿದಾಗಿತ್ತು. ಅಂದರೆ ರಾಶಿ ಆಗಲೇ ಹೊರಟಿದೆ, ಹೊರಟು ಹಲಗೆಗೆ ಬಂದು ಒರಗಿದೆ. ಹಲಗೆ ಬಸುರಿಯ ಹೊಟ್ಟೆಯ ಹಾಗೆ ಮುಂದಕ್ಕೆ ಉಬ್ಬಿತ್ತು. ಅದರ ಹಿಂದೆ ಕೆಳಗಿನ ಪಟ್ಟಿ ಜೋತುಬಿದ್ದಿತ್ತು. ಪ್ಯಾನೆಲ್ಲನ್ನು ಕಚ್ಚಿ ಹಿಡಿದಿದ್ದ ಕ್ಲಾಂಪುಗಳಲ್ಲಿ ಒಂದು ಕತ್ತು ತಿರುಚಿಕೊಂಡು ಅವನನ್ನೇ ನೋಡುತ್ತಿತ್ತು. ಎಲ್ಲ ಭಾರವೂ ಈ ಒಂದು ಅಂಚಿಗೆ. ನೇರ ಕೆಳಗೆ, ಹೊಸ್ತಿಲ ಪಕ್ಕದಲ್ಲಿ, ಹಿರಿಯರ ಬೂಟುಗಳು ಜೋಡಿ ಜೋಡಿಯಾಗಿ ತಮ್ಮ ಒಡೆಯರನ್ನು ಕಾಯುತ್ತಿದ್ದವು. ಊಟ ಮುಗಿಯುತ್ತದೆ. ಎಲ್ಲರೂ ಒಟ್ಟಿಗೆ ಏಳುತ್ತಾರೆ. ಇಲ್ಲೇ ಬಗ್ಗಿ ನಿಂತು ಬೂಟು ಹಾಕಿಕೊಳ್ಳುತ್ತಾರೆ, ನಿಧಾನವಾಗಿ, ಒಬ್ಬರ ಹೆಗಲು ಒಬ್ಬರು ಹಿಡಿದು. ಹಿಮ, ಹಲಗೆ, ಗಾಜು, ಲೋಹ. ಅತಿಥಿಯ ತಲೆಗೆ ಒಂದು ಹಿಡಿ ಹಿಮ ಬೀಳಬಾರದೆಂದು ಕಟ್ಟಿದ ಮರ್ಯಾದೆ ಈಗ ಗಾಡಿಗಟ್ಟಲೆ ತೂಗುತ್ತಿತ್ತು.

ಬೂಟುಗಳನ್ನಾದರೂ ಬಾಚಿಕೊಂಡು ಹಿತ್ತಲಿಗೆ ಒಯ್ದ. ಏಣಿ ತಂದು ಹಿಂದಿನ ಗೋಡೆಗೆ ಚಾಚಿ ಒಂದು ಮೆಟ್ಟಿಲು ಹತ್ತಿದ. ಗೋಡೆಯ ಆಚೆಯಿಂದ ಮಾವನ ಕೆಮ್ಮು ಕೇಳಿಸಿತು, ಅವನ ಮಂಡಿಯ ನೇರಕ್ಕೆ. ಕಾಲು ತಾನಾಗಿ ಕೆಳಗಿಳಿಯಿತು. ಇನ್ನೊಮ್ಮೆ ಹತ್ತಿದ. ಇನ್ನೊಮ್ಮೆ ಕೆಮ್ಮು. ನನ್ನ ಕಾಲಿಗೂ ಅವರ ಗಂಟಲಿಗೂ ದಾರ ಕಟ್ಟಿದ್ದಾರೆಯೇ ಎನಿಸಿ ನಗು ಬಂತು, ನಕ್ಕದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಅಷ್ಟರಲ್ಲಿ ಜಿಬೆಕ್ ಕಿಟಕಿ ತಟ್ಟಿ ಕರೆದಳು. ಮಾಂಸ ಬಂದಿತ್ತು.

ತುಂಡುಗಳು ವಯಸ್ಸಿಗೆ, ನೆಂಟಸ್ತಿಕೆಗೆ ತಕ್ಕಂತೆ ಹಂಚಿಹೋದವು. ಕುರಿಯ ತಲೆ ಇಶೆನ್ ಅಜ್ಜನಿಗೆ, ಎದೆಯ ತುಂಡು ಅಳಿಯನಿಗೆ. ಎಸೆನ್ ಬಾಗಿಲ ಬಳಿಯ ತನ್ನ ಜಾಗದಲ್ಲಿ ಮಂಡಿಯೂರಿ, ತುಂಡನ್ನು ತಟ್ಟೆಯಲ್ಲೇ ತಿರುಗಿಸುತ್ತ, ಮೊದಲ ಮಾತು ಯಾವುದಾಗಬೇಕೆಂದು ಹುಡುಕುತ್ತಿದ್ದ. ಆಗ ಮೇಲೆ ಉದ್ದವಾಗಿ, ಮೂಗಿನಿಂದ, ಬಹಳ ದುಃಖವಾಗಿ: ಕಿರ್ರ್ರ್ರೀಂ.

ಎಲ್ಲರೂ ತಲೆ ಎತ್ತಿದರು. ಆಮೇಲೆ ಒಬ್ಬೊಬ್ಬರಾಗಿ ಎಸೆನ್ ಕಡೆ ತಿರುಗಿದರು. ಇಶೆನ್ ಅಜ್ಜನ ಮುಖ ಅರಳಿತು.

“ಎಲಾ ಇವ್ನಾ! ಛಾವಣಿಯನ್ನೂ ಬಿಡ್ಲಿಲ್ವಲ್ಲೋ! ತುಟಿ ಅಲ್ಲಾಡ್ಲಿಲ್ಲ ನೋಡ್ರಯ್ಯಾ!”

“ನಾನಲ್ಲ ಅಜ್ಜ,” ಎಂದ ಎಸೆನ್.

“ನಾನಲ್ಲ ಅಜ್ಜ! ಕೇಳಿದ್ರಾ, ಈಗ ಹೆದರಿದ ಹುಡುಗನ ದನಿ! ಆಹಾ!”

“ಅಯ್ಯೋ ನಿಜವಾಗ್ಲೂ ನಾನಲ್ಲ, ಅದು ಚೌಕಟ್ಟು...”

“ಮಾಡು ಮಾಡು, ಇನ್ನೊಂದ್ಸಲ ಮಾಡು!” ಎಂದು ಇಡೀ ಪಂಕ್ತಿ ಮಂಡಿ ಬಡಿದುಕೊಂಡಿತು. ಎಸೆನ್‌ಗೆ ಕಿವಿ ಬಿಸಿಯಾಯಿತು. ಇಷ್ಟು ವರ್ಷ ಕತ್ತೆಯಾಗಿ, ಕೋಳಿಯಾಗಿ, ಜೀಪಾಗಿ, ಸತ್ತ ಜೀಪಾಗಿ ಕೂಗಿದ್ದಕ್ಕೆ ಊರು ಇವತ್ತು ಬಡ್ಡಿ ಸಮೇತ ತೀರಿಸುತ್ತಿತ್ತು: ಅವನ ಸ್ವಂತ ದನಿಯೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಊರು ನಂಬುತ್ತಿತ್ತು. “ಹ್ಞೂಂ,” ಎಂದರು ಮಾವ, ಬೆರಳು ಮಡಿಸಿ ಕರೆದರು. ಹತ್ತಿರ ಹೋದ. ಅವರು ಕೊಬ್ಬು, ಮಾಂಸ, ಹಿಟ್ಟಿನ ಹಾಳೆ ಎಲ್ಲ ಸೇರಿಸಿ ಅಂಗೈ ತುಂಬ ಒಂದು ಮುಷ್ಟಿ ಕಟ್ಟಿದರು. ಹಿರಿಯರು ಕೈಯಾರೆ ಬಾಯಿಗೆ ತುರುಕುವ ತುತ್ತು, ಬೇಡ ಎನ್ನುವ ಹಾಗಿಲ್ಲ. ಮದುವೆಯಾದಂದಿನಿಂದ ಮಾವ ಅವನಿಗೆ ಹೀಗೆ ತಿನ್ನಿಸಿದ್ದು ಇದೇ ಮೊದಲು. ಬಾಯಿ ತೆರೆದ. ತುತ್ತು ಕೆನ್ನೆಯಿಂದ ಕೆನ್ನೆಗೆ ತುಂಬಿ, ಕಣ್ಣನ್ನೂ ಸ್ವಲ್ಪ ಹೊರಕ್ಕೆ ತಳ್ಳಿತು. ಸಂತೋಷವೋ ಉಸಿರುಕಟ್ಟಿದ್ದೋ, ನೀರು ಬಂತು.

ಆಗ ಮೇಲೆ, ಯಾವ ನಾಚಿಕೆಯೂ ಇಲ್ಲದೆ: ಕಿರ್ರ್ರ್ರ್ರೀಂ... ಟಣ್!

ಮಂಡಿ ಬಡಿಯುತ್ತಿದ್ದ ಕೈಗಳು ಮಂಡಿಯ ಮೇಲೇ ನಿಂತವು. ಎಲ್ಲರೂ ಎಸೆನ್‌ನ ಬಾಯಿ ನೋಡಿದರು. ಅದರಲ್ಲಿ ಒಂದು ಸೊಳ್ಳೆಗೂ ಜಾಗವಿರಲಿಲ್ಲ.

“ಅಯ್ಯೋ, ಇವ್ನಲ್ಲ,” ಎಂದ ಇಶೆನ್ ಅಜ್ಜ, ಕುರಿಯ ಕಿವಿ ಕೈಯಲ್ಲೇ ಹಿಡಿದು.

ಹೇಳುವುದು ಎಷ್ಟೊಂದಿತ್ತು, ಬಾಯಿಯೇ ಇರಲಿಲ್ಲ. ಎಸೆನ್ ಅಗಿದ. ಛಾವಣಿ ತೋರಿಸಿದ, ಬಾಗಿಲು ತೋರಿಸಿದ, ಎರಡೂ ಕೈಯಿಂದ ಬೆಟ್ಟ ಕಟ್ಟಿ ಧೊಪ್ಪೆಂದು ಬೀಳಿಸಿದ, ತನ್ನ ಎದೆ ಮುಟ್ಟಿಕೊಂಡು ಕೆನ್ನೆಗೆ ಹೊಡೆದುಕೊಂಡ. ಅಗಿದ. ಕೊಬ್ಬು ಜಾರಿ ಗಂಟಲಿಗಿಳಿಯಿತು. ಬಾಯಲ್ಲಿ ಸ್ವಲ್ಪ ಜಾಗವಾದದ್ದೇ ತಡ, ಯಾರ ದನಿ ತಗೊಳ್ಳಲಿ ಎಂದು ಹುಡುಕಲು ಪುರುಸೊತ್ತಿಲ್ಲದೆ, ತುತ್ತಿನ ಸಂದಿಯಿಂದ ಹೊರಬಿದ್ದದ್ದು ಒಂದು ಒರಟು, ಅರೆಬೆಂದ ದನಿ: “ಮಾವ, ಹಲಗೆ ಇಟ್ಟಿದ್ದು ತಪ್ಪು. ಹಿಮ ಕೆಳಗಿಳೀಬೇಕು. ನಂಗೊತ್ತಿತ್ತು. ನಿಮಗೆ ಬೇಜಾರಾಗುತ್ತೆ ಅಂತ ಇಟ್ಟೆ. ಈಗ ಯಾರೂ ಬಾಗ್ಲಿಂದ ಹೋಗ್ಬೇಡಿ, ಕಿಟ್ಕಿಯಿಂದ ಹೋಗಿ. ನೀವು ಕೆಳಗಿದ್ರೆ ನಾನು ಮೇಲೆ ಹತ್ತಕ್ಕಾಗಲ್ಲ.”

ಒಲೆಯಲ್ಲಿ ಕೊಳ್ಳಿ ಚಟ್ಟೆಂದಿತು. ಮಾವ ಅವನನ್ನು ನೋಡಿದರು, ಮೇಲೆ ನೋಡಿದರು, ಬಾಗಿಲು ನೋಡಿದರು. ಗಡ್ಡ ನೀವಿಕೊಂಡರು. ಆಮೇಲೆ ಎದ್ದು, ಉಣ್ಣೆಯ ಉದ್ದ ಟೋಪಿಯನ್ನು ತಲೆಗೆ ಒತ್ತಿಕೊಂಡು, ಪಕ್ಕದ ಕಿಟಕಿ ತೆರೆದು, ಒಂದು ಕಾಲು ಹೊರಗಿಟ್ಟರು.

“ಮನೆ ಯಜಮಾನ ಕಿಟಕಿ ಹಾರೋದು ನಾನು ಹುಟ್ಟಿದ್ಮೇಲೆ ಕಂಡಿಲ್ಲ,” ಎಂದ ಇಶೆನ್ ಅಜ್ಜ.

“ಮೂವತ್ತು ವರ್ಷದ ಹಿಂದೆ ನಿನ್ ತಂಗೀನ ನೋಡಕ್ಕೆ ಹಾರಿದ್ದೆ,” ಎಂದರು ಮಾವ. ಅಡುಗೆಕೋಣೆಯ ಬಾಗಿಲಲ್ಲಿ ನಿಂತಿದ್ದ ಬುರುಲ್ ಅತ್ತೆ, ಅದೇ ತಂಗಿ, ನಾಚಿ, ಮರೆಗೆ ಸೆರಗಿಲ್ಲದೆ, ಲಟ್ಟಣಿಗೆಯನ್ನೇ ಮುಖಕ್ಕೆ ಅಡ್ಡ ಹಿಡಿದರು.

ಆಮೇಲೆ ನಡೆದದ್ದು ಊರಿನ ಮಕ್ಕಳು ಮೊಮ್ಮಕ್ಕಳಿಗೆ ಹೇಳುವಂಥದ್ದು. ಗಡ್ಡದ ಹಿಂದೆ ಗಡ್ಡ, ಟೋಪಿಯ ಹಿಂದೆ ಟೋಪಿ, ಹಿರಿಯರೆಲ್ಲ ಕಿಟಕಿಯಿಂದ ಹೊರಗಿನ ಮೆತ್ತನೆಯ ಹಿಮಕ್ಕೆ ಜಾರಿ, ಹಿತ್ತಲಲ್ಲಿ ತಂತಮ್ಮ ಬೂಟು ಹುಡುಕಿ, ಎಡಗಾಲಿಗೆ ಇನ್ನೊಬ್ಬರದನ್ನು ಹಾಕಿಕೊಂಡು ಜಗಳವಾಡಿ, ಅಂಗಳದ ದೂರದ ಮೂಲೆಯಲ್ಲಿ ಸಾಲಾಗಿ ನಿಂತರು. ಅವರ ಹಿಂದೆ ತಟ್ಟೆಗಳು ಬಂದವು. ಕುರಿಯ ತಲೆಯನ್ನು ಜಿಬೆಕ್ ಎರಡು ಕೈಯಲ್ಲಿ ಹಿಡಿದು ದಾಟಿಸಿದಳು. ಕೊನೆಗೆ ಅತ್ತೆ, ಹೊರಗಿಳಿಯುವ ಮುನ್ನ ಗೋಡೆಯ ಉಣ್ಣೆ ಕಂಬಳಿ ಕಿತ್ತು ಅಳಿಯನ ಕೈಗೆ ಕೊಟ್ಟರು. “ಪೊರಕೆಗೆ ಸುತ್ಕೋ. ಗಾಜು ಗೀರೀತು.”

ಮನೆ ಖಾಲಿಯಾಯಿತು. ಈಗ ಅದು ಬರೀ ಮನೆ. ಎಸೆನ್ ಹತ್ತಿದ, ಯಾವ ಕೆಮ್ಮೂ ಕೇಳಿಸಲಿಲ್ಲ. ಏಣಿ ಮತ್ತೆ ಅಲ್ಲಾಡಿತು, ಚಿನಾರ ಬಂದಿದ್ದಳು.

“ಇಬ್ರು ಬೇಕಲ್ವಾ ಭಾವ? ಎರಡು ತುದಿ ಇದೆ.”

“ಒಂದೇ ಕಡೆ ಬಿಟ್ರೆ ಚೌಕಟ್ಟು ತಿರುಚ್ಕೊಳುತ್ತೆ. ನಾನೊಂದು ಗುಡಿಸಿದ್ರೆ ನೀನೊಂದು ಗುಡಿಸು. ಆತುರ ಬೇಡ.”

ಎಷ್ಟು ಬೇಗ ಮಾತು ನೆಟ್ಟಗಾಯಿತಲ್ಲ ಎಂದು ಅವನಿಗೇ ಸೋಜಿಗ. ಮೇಲಿನಿಂದ ಶುರುಮಾಡಿ, ಅವಳು ಆ ಬದಿ ಅವನು ಈ ಬದಿ, ಕಂಬಳಿ ಸುತ್ತಿದ ಪೊರಕೆಯಿಂದ ಪದರ ಪದರವಾಗಿ ಬದಿಗೆ ತಳ್ಳಿದರು. ಹಿಮ ಒದ್ದೆ ಹಿಟ್ಟಿನ ಹಾಗಿತ್ತು. ಅರ್ಧ ಇಳಿದ ಮೇಲೆ, ಹಿಮ ಹೋಗುವ ದಾರಿಗೆ ಹೊರಗೆ, ಆಚೆಗೊಬ್ಬರು ಈಚೆಗೊಬ್ಬರು ಕೂತು, ಕಟ್ಟರಿನ ಬಾಯಿಗೆ ತಂತಿ ಕೊಟ್ಟರು.

“ಹ್ಞೂಂ ಅಂದಾಗ ಕತ್ತರಿಸ್ಬೇಕು,” ಎಂದ ಎಸೆನ್.

“ಯಾರ ಹ್ಞೂಂ?” ಎಂದಳು ಚಿನಾರ.

ಕೆಳಗೆ ಅಂಗಳದ ಮೂಲೆಯಿಂದ, ಎದೆಗೂಡಿನ ಆಳದಿಂದ, ಕೇಳಿಸಿತು: “ಹ್ಞೂಂ!”

ಕಟ್. ಹಲಗೆ ಗಾಳಿಯಲ್ಲಿ ಒಮ್ಮೆ ಮಗ್ಗುಲಾಯಿತು. ಅದರ ಹಿಂದೆ ಇಡೀ ರಾಶಿ, ನಿದ್ದೆಯಿಂದೆದ್ದ ಆನೆಯ ಹಾಗೆ, ಮೊದಲು ಯೋಚಿಸಿ, ಆಮೇಲೆ ಒಂದೇ ಸಲಕ್ಕೆ ಧಡಾರ್! ಬಾಗಿಲು ಮುಚ್ಚಿಹೋಯಿತು. ಹಿಮದ ಹೊಗೆ ಮೇಲೆದ್ದು ಹಿರಿಯರ ಗಡ್ಡವೆಲ್ಲ ಇನ್ನಷ್ಟು ಬಿಳಿಯಾಯಿತು. ಭಾರ ಇಳಿದ ಚೌಕಟ್ಟು ಟ್ವಂಯ್ ಎಂದು ಚಿಮ್ಮಿ ನಿಂತಿತು. ಕೆಳಪಟ್ಟಿ ಸೊಟ್ಟಗಾಗಿತ್ತು, ಎರಡು ಕ್ಲಾಂಪು ಹಾಳಾಗಿದ್ದವು, ಗಾಜು ಒಂದೂ ಒಡೆದಿರಲಿಲ್ಲ. ಒದ್ದೆ ಕಪ್ಪು ಗಾಜಿನಲ್ಲಿ ಸೂರ್ಯ ಬಂದು ಬಿದ್ದ. ಗಂಟಲಲ್ಲಿ ಸಿಕ್ಕಿಕೊಂಡಿದ್ದ ಕೊನೆಯ ಚೂರು ಮಾಂಸವೂ ಅವನಿಗೆ ಈಗ ಇಳಿಯಿತು.

ಅಂಗಳವೆಲ್ಲ ಮೇಲೆ ನೋಡುತ್ತಿತ್ತು. ಮಾವ ಎರಡು ಹೆಜ್ಜೆ ಮುಂದೆ ಬಂದರು. ಹೊಟ್ಟೆ ಒಳಕ್ಕೆಳೆದುಕೊಂಡರು, ಹೆಗಲು ಕುಗ್ಗಿಸಿದರು, ಕತ್ತು ಮುಂದಕ್ಕೆ ಚಾಚಿದರು. ಅವರ ಬಾಯಿಂದ ತೆಳ್ಳಗಿನ, ಅವಸರದ, ಮೂಗಿಗೆ ಬೆಣ್ಣೆ ಹಚ್ಚಿಕೊಂಡಂಥ ಒಂದು ದನಿ ಹೊರಟಿತು: “ಆಗುತ್ತೆ ಮಾವ, ಆಗ್ದೆ ಏನ್ ಮಾವ, ಈಗ್ಲೇ ಮಾವ!”

ಯಾರಪ್ಪಾ ಇವನು, ಎಲ್ಲೋ ಕೇಳಿದ ಹಾಗಿದೆಯಲ್ಲ ಎಂದು ಎಸೆನ್ ಒಂದು ಗಳಿಗೆ ಹುಡುಕಿದ. ಕಣಿವೆಯ ಎಲ್ಲ ದನಿಗಳನ್ನೂ ಎತ್ತಿಕೊಂಡವನ ಗಂಟಿನಲ್ಲಿ ಇದೊಂದು ಇರಲಿಲ್ಲ. ತಾನೇ ಎಂದು ಹೊಳೆದಾಗ ಹೊಟ್ಟೆಯ ಬುಡದಿಂದ ನಗು ಎದ್ದು ಕಾಲಿನ ಬಲ ತೆಗೆದುಕೊಂಡು ಹೋಯಿತು. ಹಾಗಾದರೆ ಕೊಟ್ಟಿಗೆಯ ಆ ಹ್ಞೂಂ? ಬಕೆಟ್ಟು ಕೈ ಬದಲಿಸಿದ್ದು ಸಿಟ್ಟಿಗಲ್ಲವೇ? ಒಬ್ಬ ಕಸುಬುದಾರ ಇನ್ನೊಬ್ಬ ಕಸುಬುದಾರನ ಕೆಲಸ ಅಳೆದದ್ದೇ? ಯೋಚನೆ ಮುಗಿಯುವ ಮೊದಲೇ ಬೂಟು ಒದ್ದೆ ತಗಡಿನ ಮೇಲೆ ಜಾರಿತು. ಕೂತ ಭಂಗಿಯಲ್ಲೇ, ನಗುತ್ತಲೇ, ಹಿಮ ಹೋದ ದಾರಿಯಲ್ಲಿ ಸರ್ರನೆ ಇಳಿದು, ಬಾಗಿಲ ಮುಂದಿನ ರಾಶಿಯಲ್ಲಿ ಕತ್ತಿನವರೆಗೆ ಹೂತ. ಹಿಂದಿನಿಂದ ಅಂಚಿನಲ್ಲಿ ಉಳಿದಿದ್ದ ಒಂದು ಹಿಡಿ ಹಿಮ ಬಂದು ನೆತ್ತಿಯ ಮೇಲೆ ಪಚಕ್ಕೆಂದು ಕೂತಿತು.

“ಭಾವ, ಬದುಕಿದೀರಾ?” ಎಂದು ಚಿನಾರ ಮೇಲಿಂದ ಕೂಗಿದಳು. ಜಿಬೆಕ್ ಆಗಲೇ ತಟ್ಟೆಯಲ್ಲಿ ಎದೆಯ ತುಂಡು ಹಿಡಿದು ಓಡಿ ಬರುತ್ತಿದ್ದಳು. ಆದರೆ ಮೊದಲು ತಲುಪಿದವರು ಮಾವ. ಬಗ್ಗಿದರು. ತಮ್ಮ ತಲೆಯ ಟೋಪಿ ತೆಗೆದರು. ಅದರಿಂದ ಅಳಿಯನ ತಲೆಯ ಹಿಮವನ್ನು ಒಂದು ಬದಿ, ಆಮೇಲೆ ಇನ್ನೊಂದು ಬದಿ, ಕೊಡವಿದರು, ಹೊಸ್ತಿಲಿಗೆ ಬಂದ ಅತಿಥಿಗೆ ಕೊಡವುವಷ್ಟೇ ಎಚ್ಚರದಿಂದ.

“ನಾಳೆ ಕೊಂಬು ಮತ್ತೆ ಎತ್ತಿ ನಿಲ್ಲಿಸು,” ಎಂದರು. “ಬಾಗ್ಲನ್ನ ಆ ಕಡೆ ಗೋಡೆಯಲ್ಲಿ ಕೊರೆಯೋಣ.”

ಆಗುತ್ತೆ ಮಾವ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿ, ಹಿಮದಿಂದ ಕೈ ಎಳೆದುಕೊಂಡು, ಕಪ್ಪು ಗಾಜಿನ ಕಡೆಗೊಮ್ಮೆ, ಹೊಸ ಬಾಗಿಲಾಗುವ ಗೋಡೆಯ ಕಡೆಗೊಮ್ಮೆ ನೋಡಿ, ಎಸೆನ್ ಲೆಕ್ಕ ಹಾಕಿದ.

“ನಾಳೆ ಆಗಲ್ಲ ಮಾವ,” ಎಂದ. “ಹೊಸ ಪಟ್ಟಿ ತರಿಸ್ಬೇಕು. ಒಂದು ವಾರ.”

“ಹ್ಞೂಂ,” ಎಂದರು ಮಾವ. ಈ ಸಲದ್ದು ಯಾವ ಜಾತಿಯದೆಂದು ಎಸೆನ್‌ಗೆ ಯಾರೂ ಹೇಳಬೇಕಾಗಿರಲಿಲ್ಲ.